ಮಗ ಕೇಳಿದ ಪ್ರಶ್ನೆಗೆ ಏನು ಹೇಳಲಿ?

ಸಿಂಧನೂರು ಭತ್ತ:
ಏಪ್ರಿಲ್ ಬಂತಂದ್ರೆ ನಮ್ಮ ಕಡೆ ಗೊತ್ತಲ್ಲ, ಹನ್ನೊಂದು ಗಂಟೆಗೇ ರಸ್ತೆ ಖಾಲಿ. ಮೊನ್ನೆ ಕರೆಂಟ್ ಹೋಗಿತ್ತು. ಎಂಟನೇ ಕ್ಲಾಸಿನ ಮಗ ಅಂಗಿ ಬಿಚ್ಚಿ ನೆಲದ ಬಂಡೆಯ ಮೇಲೆ ಬಿದ್ದುಕೊಂಡು, "ಅಪ್ಪಾ, ನಾನು ದೊಡ್ಡವನಾಗೋ ಹೊತ್ತಿಗೆ ಇಲ್ಲಿ ಇರೋಕಾಗುತ್ತಾ?" ಅಂದ. ಭೂಮಿ ಬಿಸಿಯಾಗ್ತಿರೋದರ ಬಗ್ಗೆ ಮೊಬೈಲಲ್ಲಿ ಏನೋ ವಿಡಿಯೋ ನೋಡಿದ್ದಾನೆ. "ಎಲ್ಲ ಸರಿಹೋಗುತ್ತೆ ಬಿಡೋ" ಅಂದೆ. ನನಗೇ ನಂಬಿಕೆ ಇರಲಿಲ್ಲ, ಅದು ಅವನಿಗೂ ಗೊತ್ತಾಯ್ತು. ಸುಮ್ನೆ ಸಮಾಧಾನದ ಮಾತು ಬೇಡ. ಇಂಥ ದೊಡ್ಡ ಸಮಸ್ಯೆಯನ್ನು ಮನುಷ್ಯರು ಯಾವತ್ತಾದರೂ ಬಗೆಹರಿಸಿದ್ದಾರಾ?

ಲಿಂಗಸುಗೂರು ಅಕ್ಕ:
ನಾರುಹುಣ್ಣು ಅಂತ ನಿಮ್ಮ ಮಗ ಕೇಳಿದ್ದಾನಾ? ಕೇಳಿರಲ್ಲ, ಅದೇ ನನ್ನ ಉತ್ತರ. ನಮ್ಮ ಅಜ್ಜಿಯ ಹಿಮ್ಮಡಿಯ ಮೇಲೆ ನಾಲ್ಕಾಣೆಯಷ್ಟು ಕಲೆ ಇತ್ತು. ಮೆಟ್ಟಿಲು ಬಾವಿಗಿಳಿದು ನೀರು ತರುತ್ತಿದ್ದ ಕಾಲ. ಆ ನೀರಲ್ಲಿ ಕಣ್ಣಿಗೆ ಕಾಣದಂಥ ಮರಿ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಎರಡು ಮೊಳದ ದಾರದಂಥ ಹುಳವಾಗಿ ಕಾಲಿನಿಂದ ಹೊರಗೆ ಬರುತ್ತಿತ್ತು. ಜಗ್ಗಿದರೆ ಕಡಿದುಹೋಗುತ್ತೆ, ಅದಕ್ಕೇ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು.

ಇದಕ್ಕೆ ಲಸಿಕೆ ಇಲ್ಲ, ವಾಸಿಮಾಡೋ ಔಷಧಿ ಇಲ್ಲ. ಇವತ್ತಿಗೂ ಇಲ್ಲ! ಮಾಡಿದ್ದು ಇಷ್ಟೇ: ನೀರನ್ನು ಬಟ್ಟೆಯಲ್ಲಿ ಸೋಸಿ ಅಂತ ಮನೆಮನೆಗೆ ಹೋಗಿ ಹೇಳಿದರು, ಬೋರ್ ಹಾಕಿಸಿದರು, ಹುಣ್ಣಿದ್ದವರು ಬಾವಿಗೆ ಇಳಿಯದ ಹಾಗೆ ನೋಡಿಕೊಂಡರು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ದೇಶವಾಯ್ತು. ಜಗತ್ತಿನಲ್ಲಿ 1986ರ ಸುಮಾರಿಗೆ ವರ್ಷಕ್ಕೆ 35 ಲಕ್ಷ ಜನಕ್ಕೆ ಬರುತ್ತಿದ್ದದ್ದು 2023ರಲ್ಲಿ 14 ಜನಕ್ಕೆ ಬಂತು. 14 ಲಕ್ಷ ಅಲ್ಲ, ಬರೀ 14.

ಬಳ್ಳಾರಿ ಬಿಸಿಲು:
ಅಕ್ಕಾ, ಹುಳದಿಂದ ದುಡ್ಡು ಮಾಡೋರು ಯಾರೂ ಇರಲಿಲ್ಲ. ಭೂಮಿ ಬಿಸಿ ಮಾಡೋ ಕಲ್ಲಿದ್ದಲಿಂದ ಮಾಡೋರಿದ್ದಾರೆ. ಅದಿರು ಲಾರಿಗಳ ಕಾಲ ನೋಡಿದವನು ನಾನು, ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು. ದುಡ್ಡು ಬರೋವಾಗ ಯಾರೂ ನಿಲ್ಲಿಸಲ್ಲ.

ಕೊಪ್ಪಳದವ:
ಬಳ್ಳಾರಿ ಗಣಿಗಾರಿಕೆಯನ್ನ 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತಲ್ಲ ಗುರೂ, ಆಮೇಲೆ ಷರತ್ತು ಹಾಕಿ ಬಿಟ್ಟಿತು ಅನ್ನೋದು ಬೇರೆ ಮಾತು. ಓಝೋನ್ ಪದರಕ್ಕೆ ಪೆಟ್ಟು ಕೊಟ್ಟ ಫ್ರಿಜ್ ಗ್ಯಾಸಿನಲ್ಲೂ ದುಡ್ಡಿತ್ತು. ಆ ಗ್ಯಾಸ್ ನಿಲ್ಲಿಸೋಕೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು, ಬರ್ತಾ ಬರ್ತಾ ಎಲ್ಲ ದೇಶಗಳೂ ಸೇರಿದವು. ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಹೊತ್ತಿಗೆ ಮೊದಲಿನಂತಾಗುತ್ತೆ ಅಂತ ವಿಜ್ಞಾನಿಗಳ ಲೆಕ್ಕ. ಎಲ್ಲರೂ ಒಳ್ಳೆಯವರಾಗಿಬಿಟ್ಟರು ಅಂತಲ್ಲ, ಬದಲಿ ಗ್ಯಾಸ್ ಸಿಕ್ಕಿತು. ಈಗ ಸೋಲಾರ್ ಆ ಕೆಲಸ ಮಾಡ್ತಿದೆ. 2010ರಿಂದ 2020ರೊಳಗೆ ಸೋಲಾರ್ ಕರೆಂಟಿನ ಖರ್ಚು ಶೇ 85ರಷ್ಟು ಇಳಿಯಿತು. ನಮ್ಮ ಯಲಬುರ್ಗಾ ಕಡೆ ಬನ್ನಿ, ಹೊಲದ ತುಂಬಾ ಗಾಳಿ ಫ್ಯಾನು. ಸಾಕಾಗುತ್ತಾ? ಇಷ್ಟಕ್ಕೇ ಸಾಕಾಗಲ್ಲ.

ಮತ್ತೆ ಭತ್ತದ ಅಣ್ಣಾ, 2024ರ ಆಗಸ್ಟ್ ಮರೆತ್ರಾ? ತುಂಗಭದ್ರಾ ಡ್ಯಾಮಿನ 19ನೇ ಗೇಟ್ ರಾತ್ರೋರಾತ್ರಿ ಕೊಚ್ಚಿಹೋದಾಗ ಈ ಸಲ ಬೆಳೆ ಹೋಯ್ತು ಅಂತ ನಾವೆಲ್ಲ ತಲೆ ಮೇಲೆ ಕೈ ಹೊತ್ತಿದ್ವಿ. ನೀರು ಹರಿಯುತ್ತಿರುವಾಗಲೇ, ವಾರದೊಳಗೆ, ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಅಡ್ಡಗಟ್ಟು ಇಳಿಸಿದರು.

ಬಳ್ಳಾರಿ ಬಿಸಿಲು:
ಗೇಟ್ ಸರಿ. 2066 ಅಂದ್ರೆ ನಾನಿರಲ್ಲ.

ಸಿಂಧನೂರು ಭತ್ತ:
ನನ್ನ ಮಗ ಇರ್ತಾನೆ. ರಾತ್ರಿ ಹುಳದ ಕತೆ ಹೇಳಿದೆ, "ಛೀ" ಅಂದ. ಆಮೇಲೆ ಪೂರ್ತಿ ತೆಗೆಯೋಕೆ ಎಷ್ಟು ದಿನ ಹಿಡೀತು ಅಂತ ಕೇಳಿದ. ಅಕ್ಕಾ, ಎಷ್ಟು ದಿನ?

ಲಿಂಗಸುಗೂರು ಅಕ್ಕ:
ಇಪ್ಪತ್ತೆರಡು ದಿನ ಅಂತಿದ್ದಳು. ದಿನಾ ಎರಡು ಬೆರಳಷ್ಟು.