ಅಪ್‌ಡೇಟ್: ಬಲ ಮುಂಚಕ್ರದ ವಾಲಿಕೆಗೆ ಕಾರಣ ಬಾಗಿದ ಆರ್ಮ್ ಅಲ್ಲ, ಬುಷ್

ಪ್ರಶ್ನೆ ಇದಾಗಿತ್ತು: ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುವ ಜೋಡಣೆ) ಇರುವ ಹಳೆಯ ಕಾರು, ಮುಂದಿನ ಸಸ್ಪೆನ್ಷನ್‌ಗೆ ಹೊಸ ರಬ್ಬರ್ ಬುಷ್ (ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ಕೊಳವೆ) ಹಾಕಿದ ಮೇಲೆ ಬಲಕ್ಕೆ ಎಳೆಯುತ್ತಿದೆ. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲಿಕೆ; + ಎಂದರೆ ತಲೆ ಹೊರಕ್ಕೆ) ಬಲಗಡೆ +1.25°, ಎಡಗಡೆ 0°. ಕೆಳಗಿನ ಆರ್ಮ್ ಬಾಗಿರಬೇಕು ಎಂದು ಹಲವರು ಹೇಳಿದ್ದಿರಿ.

ಬಾಗಿರಲಿಲ್ಲ. ಚಾಸಿಯೂ ಸೊಟ್ಟಗಾಗಿರಲಿಲ್ಲ: ಅದರ ಕರ್ಣಗಳನ್ನು ಅಳೆದರೆ ವ್ಯತ್ಯಾಸ 2 ಮಿ.ಮೀ. ಅಷ್ಟೇ. ಆದರೆ ಬಲಬದಿ 16 ಮಿ.ಮೀ. ಎತ್ತರ ನಿಂತಿತ್ತು. ಸ್ಪ್ರಿಂಗ್‌ಗಳನ್ನು ಅದಲುಬದಲು ಮಾಡಿದರೂ ಎತ್ತರ ಬಲಗಡೆಯೇ ಉಳಿಯಿತು. ಈ ಒಂದು ಪರೀಕ್ಷೆ ಸ್ಪ್ರಿಂಗನ್ನು ಪಟ್ಟಿಯಿಂದ ತೆಗೆಯಿತು.

ಬಲಗಡೆಯ ಬುಷ್ ಬೋಲ್ಟ್‌ಗಳು ಚಕ್ರ ನೇತಾಡುವಾಗಲೇ ಬಿಗಿಯಾಗಿದ್ದವು. ಬಿಗಿದೊಡನೆ ಬುಷ್‌ನ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬಾಡಿಯನ್ನು ಮೇಲಕ್ಕೆ ಒತ್ತುತ್ತದೆ. ಹಾಗೇ ಓಡಿಸಿದರೆ ರಬ್ಬರ್ ಬೇಗ ಹರಿಯುತ್ತದೆ.

ಕಾರನ್ನು ರ‍್ಯಾಂಪ್ ಮೇಲೆ ಚಕ್ರದ ಮೇಲೆಯೇ ನಿಲ್ಲಿಸಿ, ಹಿಂಚಕ್ರಗಳಿಗೆ ಅಡೆಕಟ್ಟೆ ಕೊಟ್ಟು, ಮೇಲಿನ ಕೆಳಗಿನ ಎರಡೂ ಆರ್ಮ್‌ಗಳ ಬೋಲ್ಟ್ ಒಂದು ಸುತ್ತು ಸಡಿಲಿಸಿದೆ. ಮೊದಲನೆಯದು ಟಕ್ಕೆಂದು ಬಿಟ್ಟುಕೊಂಡಿತು, ಬಲಮೂಲೆ ಕಣ್ಣೆದುರೇ ಕುಸಿಯಿತು. ಬಂಪರ್ ನಾಲ್ಕೈದು ಸಲ ಅದುಮಿ, ಹಿಂದೆ ಮುಂದೆ ಉರುಳಿಸಿ, ಅದೇ ಎತ್ತರದಲ್ಲಿ ಬಿಗಿದೆ. ಎತ್ತರದ ವ್ಯತ್ಯಾಸ ಈಗ 3 ಮಿ.ಮೀ., ಬಲ ಕ್ಯಾಂಬರ್ +0.5°.

ಉಳಿದದ್ದಕ್ಕೆ ಶಿಮ್ (ನಡುವೆ ತೂರಿಸುವ ತೆಳು ಲೋಹದ ಬಿಲ್ಲೆ). ಮೇಲಿನ ಆರ್ಮ್ ತಿರುಗುವ ಶಾಫ್ಟ್ ಚಾಸಿಯ ಬ್ರ್ಯಾಕೆಟ್‌ನ ಒಳಬದಿಗಿದ್ದರೆ, ಎರಡರ ನಡುವೆ ಶಿಮ್ ಸೇರಿಸಿದಷ್ಟೂ ಚಕ್ರದ ತಲೆ ಒಳಕ್ಕೆ ಬರುತ್ತದೆ, ಹೊರಬದಿಗಿದ್ದರೆ ತದ್ವಿರುದ್ಧ. ಶಾಫ್ಟ್‌ನ ಎರಡು ಬೋಲ್ಟ್‌ಗೂ ಸಮ ದಪ್ಪ ಹಾಕಬೇಕು, ಇಲ್ಲದಿದ್ದರೆ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) ಕದಲುತ್ತದೆ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೊನೆಯಲ್ಲೇ ಹೊಂದಿಸಿದ್ದು. ಎಳೆತ ನಿಂತಿದೆ.