ಕೊರಿಯಾದಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮೆಲ್ಬರ್ನ್‌ನಲ್ಲಿ ಓದಿ ಬೆಳೆದವಳು, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇದೆ. ದಕ್ಷಿಣ ಕೊರಿಯಾದ ಒಂದು ಹಾಗ್ವೊನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುವ ಕೆಲಸ ಸಿಕ್ಕಿದೆ. ತಿಂಗಳಿಗೆ 23 ಲಕ್ಷ ವೋನ್, ಮನೆ ಅವರೇ ಕೊಡುತ್ತಾರಂತೆ. ಅಮ್ಮನಿಗೆ ಊಟದ್ದೇ ಚಿಂತೆ. ಇವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಪಾಠ ಮಾಡಿದವರು ಯಾರಾದರೂ ಇದ್ದೀರಾ? ದಿನ ಹೇಗಿರುತ್ತದೆ?

ಉತ್ತರ: ನಾನಿದ್ದೆ. ನಮ್ಮ ಊರು ಶಿವಮೊಗ್ಗ, ಬೆಳೆದದ್ದು ಕೆನಡಾದಲ್ಲಿ. ದೇಗು ನಗರದಲ್ಲಿ ಎರಡು ವರ್ಷ ಹಾಗ್ವೊನ್, ಆಮೇಲೆ ಎರಡು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆ. ಎರಡೂ ಬೇರೆ ಬೇರೆ ಲೋಕ.

ಹಾಗ್ವೊನ್ ಅಂದರೆ ನಮ್ಮ ಟ್ಯೂಷನ್ ಸೆಂಟರ್. ಮಕ್ಕಳು ಶಾಲೆ ಮುಗಿಸಿ ಬರುವ ಜಾಗ. ಹಾಗಾಗಿ ನಿಮ್ಮ ತಂಗಿಯ ದಿನ ಮಧ್ಯಾಹ್ನ ಶುರುವಾಗುತ್ತದೆ. ನನ್ನದು 2ರಿಂದ ರಾತ್ರಿ 9:30. ಒಂದು ಕ್ಲಾಸಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡುವು. ಅಷ್ಟರಲ್ಲಿ ಬೋರ್ಡ್ ಒರೆಸಬೇಕು, ನೀರು ಕುಡಿಯಬೇಕು. ನನ್ನ ಕೊನೇ ಕ್ಲಾಸಿಗೆ ಆರನೇ ತರಗತಿಯ ಹುಡುಗನೊಬ್ಬ ಬರುತ್ತಿದ್ದ. ಮೊದಲು ಟೇಕ್ವಾಂಡೋ, ಆಮೇಲೆ ಗಣಿತದ ಹಾಗ್ವೊನ್, ಆಮೇಲೆ ನಾನು. ಮೂರು ಮೂಲೆಯ ಕಿಂಬಾಪ್‌ನ (ಕಡಲಕಳೆ ಸುತ್ತಿದ ಅನ್ನ) ಪ್ಲಾಸ್ಟಿಕ್ ಬಿಚ್ಚುತ್ತಾ ಒಳಗೆ ಬರುತ್ತಿದ್ದ. ಅದನ್ನು ತಿಂದು ಮುಗಿಸುವ ಮೊದಲೇ ಡೆಸ್ಕ್ ಮೇಲೆ ತಲೆ ಇಟ್ಟು ನಿದ್ದೆ. ಅವನನ್ನು ಎಬ್ಬಿಸಿ ಪಾಸ್ಟ್ ಟೆನ್ಸ್ ಹೇಳಿಕೊಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ರಾಜಧಾನಿ ಸೋಲ್‌ನಲ್ಲಿ ಹಾಗ್ವೊನ್‌ಗಳು ರಾತ್ರಿ 10ಕ್ಕೆ ಮುಚ್ಚಬೇಕು ಅಂತ ನಿಯಮವೇ ಇದೆ ಅಂದರೆ ನೋಡಿ.

ಸರ್ಕಾರಿ ಶಾಲೆ ಬೆಳಗ್ಗೆ 8:30ರಿಂದ ಸಂಜೆ 4:30. ವಾರಕ್ಕೆ 22 ಪೀರಿಯಡ್, ಜೊತೆಗೆ ಒಬ್ಬರು ಕೊರಿಯನ್ ಟೀಚರ್. ಬಾಗಿಲಲ್ಲೇ ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳಬೇಕು. ರಜೆ ಮಕ್ಕಳಿಗೆ ಮಾತ್ರ. ನಾವು ಎಷ್ಟೋ ದಿನ ಖಾಲಿ ಶಾಲೆಗೆ ಹೋಗಿ ಸುಮ್ನೆ ಕುರ್ಚಿ ಬಿಸಿ ಮಾಡಬೇಕು. ಆ ಕೆಲಸಕ್ಕೆ ಅಲ್ಲಿನ ಟೀಚರುಗಳು 'ಡೆಸ್ಕ್ ವಾರ್ಮಿಂಗ್' ಅಂತ ಹೆಸರೇ ಇಟ್ಟಿದ್ದಾರೆ. ನಾನು ಕೊರಿಯನ್ ಕಲಿತದ್ದು ಅಲ್ಲೇ.

ಮೊದಲ ದಿನ ಮಕ್ಕಳು ವಯಸ್ಸೆಷ್ಟು, ಮದುವೆ ಆಗಿದೆಯಾ ಅಂತ ಕೇಳುತ್ತಾರೆ. ಕೆನಡಾದ ಸಹೋದ್ಯೋಗಿಗಳು ಬೆಚ್ಚಿಬಿದ್ದರು. ನನಗೆ ಶಿವಮೊಗ್ಗದ ಅತ್ತೆಯಂದಿರು ನೆನಪಾದರು, ಅಷ್ಟೇ. ಒಂದು ತಪ್ಪು ಮಾತ್ರ ಮಾಡಬೇಡಿ ಅಂತ ತಂಗಿಗೆ ಹೇಳಿ. ನಾನು ಒಂದು ಹುಡುಗಿಯ ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಅವಳ ಮುಖ ಬಾಡಿಹೋಯಿತು. ಕೆಂಪು ಅಕ್ಷರದಲ್ಲಿ ಹೆಸರು ಬರೆದರೆ ಸಾವಿನ ಅಪಶಕುನ ಅಂತ ಅಲ್ಲಿ ನಂಬಿಕೆ. ಅದೇ ಸಂಜೆ ನೀಲಿ ಪೆನ್ನು ತಂದೆ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಅಕ್ಕ. ಊಟ? ಸಂಬಳ ಸಾಕಾಗುತ್ತದಾ?

ಉತ್ತರ: ಮನೆ ಅವರದ್ದಾದರೆ ಒಬ್ಬರಿಗೆ ಸಾಕು, ಉಳಿಯುತ್ತದೆ ಕೂಡ. ಆದರೆ ಸಂಬಳಕ್ಕಿಂತ ಕರಾರು ಓದಿ. ಪೂರ್ತಿ ಒಂದು ವರ್ಷ ಕೆಲಸ ಮಾಡಿದರೆ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳ ಕೊಡಲೇಬೇಕು ಅಂತ ಅಲ್ಲಿ ಕಾನೂನು. ನನ್ನ ಜೊತೆಗಿದ್ದವಳನ್ನು ನಮ್ಮ ಮಾಲೀಕರು ಹನ್ನೊಂದನೇ ತಿಂಗಳಲ್ಲಿ ತೆಗೆಯಲು ನೋಡಿದರು. ಯಾಕೆ ಅಂತ ಲೆಕ್ಕ ಗೊತ್ತಾಯಿತಲ್ವಾ? ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಅಂದ ಮೇಲೆ ಸುಮ್ಮನಾದರು. ವಿದೇಶಿ ಟೀಚರುಗಳಿಗೆ ಕೊಡುವ ಇ-2 ವೀಸಾ ಕೆಲಸ ಕೊಟ್ಟ ಮಾಲೀಕರಿಗೇ ಕಟ್ಟಿದ್ದು. ನಡುವೆ ಬೇರೆ ಕಡೆ ಹೋಗಬೇಕಾದರೆ ಅವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಆದ್ದರಿಂದ ಈಗ ಅಲ್ಲಿ ಕೆಲಸ ಮಾಡುತ್ತಿರುವ ವಿದೇಶಿ ಟೀಚರ್ ಜೊತೆ ಫೋನಿನಲ್ಲಿ ಮಾತಾಡದೆ ಸಹಿ ಹಾಕುವುದು ಬೇಡ. ಮನೆಪಾಠದ ಆಸೆಯೂ ಬೇಡ, ಆ ವೀಸಾದಲ್ಲಿ ಅದು ಕಾನೂನಿಗೆ ವಿರುದ್ಧ.

ಊಟ ಕಷ್ಟ, ಸುಳ್ಳು ಹೇಳುವುದಿಲ್ಲ. ಕಿಮ್ಚಿ ಅಂದರೆ ಅಲ್ಲಿನ ಉಪ್ಪಿನಕಾಯಿ. ನೋಡಲು ಎಲೆಕೋಸು, ಒಳಗೆ ಮೀನಿನ ರಸ ಅಥವಾ ಉಪ್ಪು ಹಾಕಿದ ಸಿಗಡಿ ಇರುತ್ತದೆ. ಸೋಯಾ ಸಾರಿನ ನೀರೂ ಸಾಮಾನ್ಯವಾಗಿ ಒಣಮೀನು ಕುದಿಸಿದ್ದೇ. 'ಕೊಗಿ ಪ್ಪೆಗೋ', ಅಂದರೆ ಮಾಂಸ ಬೇಡ, ಅಂತ ಹೇಳಿದರೆ ದನ, ಹಂದಿ ತೆಗೆಯುತ್ತಾರೆ. ಹ್ಯಾಮ್ ಉಳಿಯಬಹುದು, ಮೀನಿನ ರಸ ಅವರ ಲೆಕ್ಕಕ್ಕೇ ಬರುವುದಿಲ್ಲ. ಬಿಬಿಂಬಾಪ್ (ತರಕಾರಿ ಹಾಕಿ ಕಲಸುವ ಅನ್ನ) ಹೇಳುವಾಗ ಮೊಟ್ಟೆಯನ್ನೂ ಬೇರೆಯಾಗಿ ಬೇಡ ಅನ್ನಬೇಕು. ಬೌದ್ಧ ದೇವಸ್ಥಾನದ ಊಟ ಮಾತ್ರ ನಿಶ್ಚಿಂತೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಉಳಿದ ದಿನ ಮನೆ ಅಡುಗೆಯೇ ಗತಿ. ಅಲ್ಲಿನ ಅಕ್ಕಿ ಅಂಟಂಟು. ಚಿತ್ರಾನ್ನಕ್ಕೆ ಬರುವುದಿಲ್ಲ, ಮೊಸರನ್ನಕ್ಕೆ ಮಾತ್ರ ಬಹಳ ಚೆನ್ನ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನದು ಭಾರತದ ಪಾಸ್‌ಪೋರ್ಟ್. ಬೆಂಗಳೂರಿನಲ್ಲಿ ಇಂಗ್ಲಿಷ್ ಬಿ.ಎಡ್. ಮಾಡಿದ್ದೇನೆ. ನನಗೂ ಅವಕಾಶ ಇದೆಯಾ?

ಉತ್ತರ: ಹಾಗ್ವೊನ್ ಬಾಗಿಲು ಮುಚ್ಚಿದೆ ಸರ್. ಅವರು ತೆಗೆದುಕೊಳ್ಳುವುದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರನ್ನು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ಒಂದು ಸಣ್ಣ ಕಿಂಡಿ ಇದೆ. ಪದವಿ ಮತ್ತು ಇಂಗ್ಲಿಷ್ ಶಿಕ್ಷಕರ ಅರ್ಹತೆ ಇರುವ ಭಾರತೀಯರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಆದರೆ ನಾಲ್ಕು ವರ್ಷದಲ್ಲಿ ಹಾಗೆ ಬಂದ ಒಬ್ಬರನ್ನೂ ನಾನು ನೋಡಲಿಲ್ಲ. ಏಜೆಂಟರು ಹಾಗ್ವೊನ್ ಕೆಲಸ ಕೊಡಿಸುತ್ತೇವೆ ಅಂದರೆ ದುಡ್ಡು ಕೊಡಬೇಡಿ.

ಒಂದು ವಿಷಯದಲ್ಲಿ ಮಾತ್ರ ಕನ್ನಡ ಬಲ್ಲ ನಾವು ಆ ಏಳು ದೇಶದವರಿಗಿಂತ ಮುಂದೆ. ಮಕ್ಕಳು 'ಐ ಪಿಜ್ಜಾ ಈಟ್' ಅಂತ ಬರೆದರೆ ಅವರು ತಲೆ ಕೆರೆದುಕೊಳ್ಳುತ್ತಾರೆ. ನನಗೆ ತಕ್ಷಣ ಗೊತ್ತಾಗುತ್ತಿತ್ತು. ನಾನು ಪಿಜ್ಜಾ ತಿನ್ನುತ್ತೇನೆ, ಅಷ್ಟೇ ತಾನೇ? ಕೊರಿಯನ್‌ನಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ನಮ್ಮ 'ಅಮ್ಮನಿಗೆ' ಅಲ್ಲಿ 'ಒಮ್ಮಾ-ಎಗೆ'.

ಮೊದಲು ಕೇಳಿದವರು: ಅಕ್ಕ, ಕೊನೇ ಪ್ರಶ್ನೆ. ಅಮ್ಮ ಈಗಲೇ ಕುಕ್ಕರ್ ಪ್ಯಾಕ್ ಮಾಡುತ್ತಿದ್ದಾರೆ. ಮಾಮೂಲಿ ಅಲ್ಯೂಮಿನಿಯಂದು ಸಾಕಾ?

ಉತ್ತರ: ತಡೆಯಿರಿ, ತಡೆಯಿರಿ! ಟೀಚರುಗಳಿಗೆ ಕೊಡುವ ಒಂದೇ ಕೋಣೆಯ ಮನೆಗಳಲ್ಲಿ ಎಷ್ಟೋ ಕಡೆ ಇಂಡಕ್ಷನ್ ಒಲೆ ಇರುತ್ತದೆ. ಸ್ಟೀಲಿನದ್ದು, ಇಂಡಕ್ಷನ್ ತಳ ಇರುವುದೇ ಬೇಕು, 3 ಲೀಟರ್ ಸಾಕು. ಗ್ಯಾಸ್ಕೆಟ್ ಎರಡು ಜಾಸ್ತಿ ಹಾಕಿ.