"ಓಕೆ ಮೇಡಂ" ಅಂದ ಮೇಲೆ ಮೌನ: ಎಂತ ಮಾಡುದು?

ಕೇಳಿದವರು: ಮಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಆಗಿ ನಾಲ್ಕು ತಿಂಗಳಾಯ್ತು. ಬರುವವರು ಹೆಚ್ಚಾಗಿ ಹಾಸ್ಟೆಲಿನ ನೀಟ್ ಮಕ್ಕಳು. "ಹೇಗಿದ್ದಿ?" ಅಂದ್ರೆ "ಓಕೆ ಮೇಡಂ", ಮತ್ತೆ ನೆಲ ನೋಡುದು. ನಾಳೆಯೇ ಬಳಸ್ಲಿಕ್ಕೆ ಆಗುವಂಥದ್ದು ಹೇಳಿ.

ಉಡುಪಿಯಿಂದ: ಮೊದಲು ಕುರ್ಚಿ ತಿರುಗಿಸಿ. ಎದುರುಬದುರು ಕೂತರೆ ಅವರಿಗೆ ಪ್ರಿನ್ಸಿಪಾಲರ ರೂಮೇ ನೆನಪಾಗುದು. ನಾನು ಮೇಜಿನ ಒಂದೇ ಬದಿ ಇಬ್ಬರೂ ಕೂರುವ ಹಾಗೆ ಮಾಡಿ, ಮುಂದೆ ಒಂದು ಹಾಳೆ ಇಡ್ತೇನೆ. "ಕಳೆದ ಭಾನುವಾರ ಎದ್ದಲ್ಲಿಂದ ಮಲಗುವವರೆಗೆ ಬರಿ. ಯಾವ ಹೊತ್ತು ಎಷ್ಟು ಭಾರ, 10ರಲ್ಲಿ ಅಂಕ ಹಾಕು." ಅಂಕದ ಭಾಷೆ ಅವರಿಗೆ ಚೆನ್ನಾಗಿ ಬರ್ತದೆ, ಪಾಪ. ಒಬ್ಬ ಹುಡುಗ ಟೆಸ್ಟಿಗೆ 6 ಹಾಕಿದ, ಸಂಜೆ ಮನೆಗೆ ಫೋನ್ ಮಾಡುವ ಹತ್ತು ನಿಮಿಷಕ್ಕೆ 9. ನಾನು ಮೂರು ವಾರದಿಂದ ಪರೀಕ್ಷೆಯ ಹೆದರಿಕೆ ಅಂತ ಎಂತೆಂತದೋ ಮಾಡ್ತಾ ಇದ್ದೆ!

ಅಂಕ ಕಡಿಮೆ ಬಿದ್ದ ಹೊತ್ತನ್ನೂ ಬಿಡ್ಬೇಡಿ. ಅವನಿಗೆ ಶಟ್ಲ್ ಆಡುವಾಗ 2. ಆಟ ಬಿಟ್ಟು ಓದು ಅಂದವರೇ ಎಲ್ಲ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಆಟ, ಮನಸ್ಸಿದ್ದರೂ ಇಲ್ಲದಿದ್ದರೂ, ಅಂತ ನಿಗದಿ ಮಾಡಿದೆವು. ಹುಮ್ಮಸ್ಸು ಬಂದ ಮೇಲೆ ಹೋಗ್ತೇನೆ ಅಂತ ಕೂತರೆ ಅದು ಬರುದೇ ಇಲ್ಲ.

ಮತ್ತೆ, "ಆಂಕ್ಸೈಟಿ" ಅಂದ್ರೆ ಸುಮ್ನೆ ತಲೆ ಅಲ್ಲಾಡಿಸ್ತಾರೆ. "ತಲೆಬಿಸಿ ಆದಾಗ ಎಲ್ಲಿ ಗೊತ್ತಾಗ್ತದೆ, ಹೊಟ್ಟೆಯಲ್ಲಾ, ಎದೆಯಲ್ಲಾ?" ಕೇಳಿ. ಕೈಯಿಟ್ಟು ತೋರಿಸ್ತಾರೆ.

ಸುರತ್ಕಲ್‌ನಿಂದ: ಕುರ್ಚಿಯ ವಿಷಯ ಎಲ್ಲರಿಗೂ ಆಗುದಿಲ್ಲ ಮಾರಾಯ್ರೆ. ನನ್ನಲ್ಲಿಗೆ ಬರುವ ಒಬ್ಬಳಿಗೆ ಯಾರಾದ್ರೂ ಪಕ್ಕದಲ್ಲಿ ಕೂತರೆ ಕಸಿವಿಸಿ. ಎಲ್ಲಿ ಕೂರುದು ಅಂತ ಅವರನ್ನೇ ಕೇಳಿ.

ಉಸಿರಾಟ ಕಲಿಸುದಾದ್ರೆ ಆರಾಮವಾಗಿ ಇರುವಾಗ ಕಲಿಸಿ, ನೀವೂ ಒಟ್ಟಿಗೆ ಮಾಡಿ: ಒಳಗೆ 4 ಎಣಿಕೆ, ಹೊರಗೆ 6. ಗಾಬರಿಯಲ್ಲಿ ನಡುಗುವವನಿಗೆ ಹೊಸತು ಹೇಳಿಕೊಡುದು ಅಂದ್ರೆ ಮಳೆಗಾಲದ ನೇತ್ರಾವತಿಯಲ್ಲಿ ಈಜು ಕಲಿಸಿದ ಹಾಗೆ.

ಮಂಗಳೂರಿನಿಂದ: ನಾನು ಹೊಸತರಲ್ಲಿ ತಪ್ಪಿದ್ದು ಹೇಳ್ತೇನೆ. ಒಬ್ಬಳು "ಸಾಕಾಯ್ತು ಸರ್" ಅಂದಳು. ಸಾಯುವ ಯೋಚನೆ ಉಂಟಾ ಅಂತ ಕೇಳಿದ್ರೆ ನಾನೇ ಅದನ್ನು ತಲೆಗೆ ಹಾಕಿದ ಹಾಗಾಗ್ತದಾ ಅಂತ ಹೆದರಿ ಮಾತು ತಿರುಗಿಸಿದೆ. ಹಾಗೇನೂ ಆಗುದಿಲ್ಲ. "ಸಾಯುವ ಯೋಚನೆ ಬರ್ತದಾ?" ಅಂತ ನೇರ ಕೇಳಿ. ಹೌದು ಅಂದ್ರೆ ಹೇಗೆ, ಯಾವಾಗ ಅಂತಲೂ ಕೇಳಿ. ತಯಾರಿ ಇದ್ದರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಸೈಕಿಯಾಟ್ರಿಸ್ಟ್ ಹತ್ತಿರ ಕರ್ಕೊಂಡು ಹೋಗುವ ವ್ಯವಸ್ಥೆ ಮಾಡಿ. ಯೋಚನೆ ಇದ್ದು ತಯಾರಿ ಇಲ್ಲದವರೊಟ್ಟಿಗೆ ಕೂತು ಸುರಕ್ಷತೆಯ ಚೀಟಿ ಬರೆಸಿ: ಕೆಟ್ಟ ಹೊತ್ತು ಶುರುವಾಗುದು ಹೇಗೆ ಗೊತ್ತಾಗ್ತದೆ, ಆಗ ಎಂತ ಮಾಡ್ಲಿಕ್ಕಾಗ್ತದೆ, ಯಾರಿಗೆ ಫೋನ್. ಮಾತ್ರೆ ಯಾರ ಹತ್ತಿರ, ಟೆರೇಸಿನ ಬೀಗ ಯಾರ ಹತ್ತಿರ ಅಂತಲೂ ನೋಡಿ. ಕೊನೆಯ ಸಾಲಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416; ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು.

ಗುಟ್ಟಿನ ಮಿತಿ, ಅಂದ್ರೆ ಅವರು ಹೇಳಿದ್ದರಲ್ಲಿ ಯಾವುದನ್ನು ಬೇರೆಯವರಿಗೆ ತಿಳಿಸಲೇಬೇಕಾಗ್ತದೆ ಅಂತ, ಮೊದಲ ದಿನವೇ ಹೇಳಿ. 18 ಆಗದವರ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಕೇಳಿದವರು: ಮಿತಿ ಹೇಳಿದ್ದೇನೆ. ಆದ್ರೆ ಅಮ್ಮಂದಿರು ಫೋನ್ ಮಾಡಿ "ಎಂತ ಹೇಳಿದ?" ಅಂತ ಕೇಳ್ತಾರಲ್ಲ?

ಉಡುಪಿಯಿಂದ: ಮನೆಗೆ ಹೇಳುವ ಮಾತನ್ನು ಮಕ್ಕಳೊಟ್ಟಿಗೆ ಕೂತೇ ಬರೆಯಿರಿ. ಆ 9 ಹಾಕಿದವ ಎರಡು ಸಲ ಹೊಡೆದುಹಾಕಿ ಬರೆದದ್ದು ಇಷ್ಟೇ: "ಫೋನಲ್ಲಿ ಮಾರ್ಕ್ಸ್ ಕೊನೆಗೆ ಕೇಳಿ, ಊಟ ಆಯ್ತಾ ಅಂತ ಮೊದಲು ಕೇಳಿ." ಅದನ್ನೇ ಅವನ ಎದುರೇ ಓದಿ ಹೇಳಿದೆ. ಅಮ್ಮ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.